‘ಬೇಕು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು?

ನಮ್ಮ ನಾಡಿನ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಂದು ಮಗುವಿಗೂ ಇಂಗ್ಲಿಷಿನ ಒಂದು ವಾಕ್ಯ ಬಂದೇ ಬರುತ್ತದೆ. ಕಾಗುಣಿತ ಕೂಡಿಸಲು ತಡವರಿಸುವ ಹುಡುಗನೂ ತರಗತಿಯ ಹೊಸ್ತಿಲಲ್ಲಿ ನಿಂತು, ಬಲಗೈಯನ್ನು ಮುಂದಕ್ಕೆ ಚಾಚಿ, ‘ಮೇ ಐ ಕಮಿನ್ ಸಾರ್’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಅದು ಐದು ಪದಗಳ ಒಂದು ಪ್ರಶ್ನೆ ಎಂಬುದು ಅವನಿಗೆ ತಿಳಿಯದು. ಅವನ ಪಾಲಿಗೆ ಅದು ಬಾಗಿಲು ತೆರೆಸುವ ಒಂದು ಮಂತ್ರ. ಮಂತ್ರದ ಮೊದಲಲ್ಲಿರುವ ‘ಮೇ’ ಎಂಬ ಒಂದಕ್ಷರದ ಮಾತು ಮುಂದೆ ಹತ್ತು ಹನ್ನೆರಡು ವರ್ಷ ತನ್ನನ್ನು ಕಾಡಲಿದೆ ಎಂಬುದೂ ತಿಳಿಯದು. ಅದೇ ಹುಡುಗ ಪದವಿ ತರಗತಿಗೆ ಬಂದಾಗ ‘ಮೇ’ ಎಲ್ಲಿ, ‘ಕ್ಯಾನ್’ ಎಲ್ಲಿ, ‘ಮಸ್ಟ್’ ಎಲ್ಲಿ, ‘ಷುಡ್’ ಎಲ್ಲಿ ಎಂದು ಕೇಳಿದರೆ ಕಿಟಕಿಯ ಹೊರಗೆ ನೋಡುತ್ತಾನೆ.

ಇಂಗ್ಲಿಷಿನ ವೈಯಾಕರಣರು ಇವನ್ನು ‘ಮೋಡಲ್’ ಕ್ರಿಯಾಪದಗಳೆಂದು ಕರೆಯುತ್ತಾರೆ. ಕ್ಯಾನ್, ಕುಡ್, ಮೇ, ಮೈಟ್, ಷಲ್, ಷುಡ್, ವಿಲ್, ವುಡ್, ಮಸ್ಟ್: ಮುಖ್ಯವಾದವು ಈ ಒಂಬತ್ತೇ. ಸಾಮಾನ್ಯ ಕ್ರಿಯಾಪದವು ನಡೆದುದನ್ನು ಹೇಳಿದರೆ, ಇವು ನಡೆಯುವ ಸಂಗತಿಯನ್ನು ಕುರಿತು ಆಡುವವನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತವೆ. ಅಪ್ಪಣೆ, ಅನುಮತಿ, ಶಕ್ತಿ, ಊಹೆ, ಹಂಗು, ಹಟ ಇವೆಲ್ಲ ಇವುಗಳ ಹೊಣೆ. ‘ಅವನು ಬಂದ’ ಎಂಬುದು ಸುದ್ದಿ; ‘ಅವನು ಬರಬೇಕು’, ‘ಬರಬಹುದು’, ‘ಬಂದಾನು’, ‘ಬರಲಾರ’ ಎಂಬುವು ಸುದ್ದಿಯಲ್ಲ, ಅಭಿಪ್ರಾಯ.

ಕನ್ನಡ ಕಲಿಸುವವನಿಗೆ ಇಂಗ್ಲಿಷಿನ ಈ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ತೊಡಕಿನ ಅರ್ಧ ಭಾಗ ಇರುವುದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡವನ್ನು ಇಂಗ್ಲಿಷಿಗೆ ಹೊಂದಿಸುವ ನಮ್ಮ ಕ್ರಮದಲ್ಲಿ ಎಂಬುದೇ ನನ್ನ ಉತ್ತರ. ಹುಡುಗನ ತಲೆಯಲ್ಲಿ ಈ ಭಾವಗಳೆಲ್ಲ ಮೊದಲೇ ಇವೆ. ಅವನ್ನು ಹೇಳುವ ರೂಪಗಳೂ ಅವನ ತಾಯ್ನುಡಿಯಲ್ಲಿ ಸೊಗಸಾಗಿ ಇವೆ. ಅವನ್ನು ಹೊರಗೆ ನಿಲ್ಲಿಸಿ, ಬರಿಯ ಕೈಯಲ್ಲಿ ಅವನನ್ನು ಇಂಗ್ಲಿಷಿನ ತರಗತಿಯೊಳಕ್ಕೆ ಕರೆದುಕೊಳ್ಳುತ್ತೇವೆ.

ಇದರಿಂದ ಆಗುವ ಹಾನಿ ಅಂಕಗಳದ್ದು ಮಾತ್ರವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಒಂದು ಕಚೇರಿಗೆ ಶುಲ್ಕದ ರಿಯಾಯಿತಿ ಕೋರಿ ಇಂಗ್ಲಿಷಿನಲ್ಲಿ ಅರ್ಜಿ ಬರೆದ. ತಂದೆಗೆ ಎರಡು ಎಕರೆ ಖುಷ್ಕಿ ಜಮೀನು. ಆ ವರ್ಷ ಮಳೆಯಿಲ್ಲ. ಹುಡುಗ ಬಲು ವಿನಯವಂತ. ಎದುರಿಗೆ ಬಂದರೆ ತಲೆ ಎತ್ತಿ ಮಾತನಾಡುವವನಲ್ಲ. ಅರ್ಜಿಯ ಕೊನೆಯಲ್ಲಿ ಅವನು ಬರೆದಿದ್ದುದು ‘ತಾವು ನನಗೆ ರಿಯಾಯಿತಿ ಕೊಡಬೇಕು’ ಎಂಬ ಕನ್ನಡ ವಾಕ್ಯದ ಇಂಗ್ಲಿಷ್ ರೂಪ: ‘ಯು ಮಸ್ಟ್ ಗಿವ್ ಮಿ ಕನ್ಸೆಷನ್’. ಅರ್ಜಿ ಓದಿದ ಅಧಿಕಾರಿಗೆ ಸಿಟ್ಟು ಬಂತು. ಈಗಿನ ಹುಡುಗರಿಗೆ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಬೇಡುವಾಗಲೂ ಹುಕುಂ ಮಾಡುತ್ತಾರೆ ಎಂದು ನಾಲ್ಕು ಜನರೆದುರು ಹೇಳಿ ಕಾಗದವನ್ನು ಪಕ್ಕಕ್ಕೆ ಇರಿಸಿದರು. ಹುಡುಗ ಹಿಂದಿರುಗಿ ಬಂದು, ತಾನು ಮಾಡಿದ ಅಪರಾಧ ಯಾವುದೆಂದು ನನ್ನನ್ನು ಕೇಳಿದ. ಅವನ ಕನ್ನಡದಲ್ಲಿ ಅಪರಾಧವಿರಲಿಲ್ಲ. ಆ ಅಧಿಕಾರಿಯೂ ಕನ್ನಡಿಗರೇ. ಆದರೆ ಇಂಗ್ಲಿಷ್ ಕಾಗದವನ್ನು ಇಂಗ್ಲಿಷರ ಕಣ್ಣಿನಿಂದ ಓದಿದರು.

ನಮ್ಮ ‘ಬೇಕು’ ಎಂಥ ಮಾತು ನೋಡಿ. ಮನೆಗೆ ಬಂದ ಹಿರಿಯರನ್ನು ‘ಬರಬೇಕು, ಬರಬೇಕು’ ಎಂದು ಎದುರುಗೊಳ್ಳುತ್ತೇವೆ. ‘ಕುಳಿತುಕೊಳ್ಳಬೇಕು’ ಎಂದು ಚಾಪೆ ಹಾಸುತ್ತೇವೆ. ಮದುವೆಯ ಕರೆಯೋಲೆಯಲ್ಲಿ ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕೆಂದು ಕೋರುತ್ತೇವೆ. ತಪ್ಪಾದರೆ ‘ಕ್ಷಮಿಸಬೇಕು’ ಎನ್ನುತ್ತೇವೆ. ಇಲ್ಲೆಲ್ಲ ಒತ್ತಾಯದ ಸುಳಿವೂ ಇಲ್ಲ. ‘ಬೇಕು’, ‘ಬೇಡು’ ಎರಡಕ್ಕೂ ಬೇರು ಒಂದೇ, ಬಯಕೆ ಎಂಬುದೇ ಅದರ ಅರ್ಥ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೂ ಇಲ್ಲ. ಬೇಡುವವನ ಬಾಯಲ್ಲಿ ‘ಬೇಕು’ ಎಂಬುದು ಬಯಕೆಯಾಗಿಯೇ ಉಳಿಯುತ್ತದೆ. ಮೇಲಿನವನ ಬಾಯಲ್ಲಿ ಮಾತ್ರ ಅದು ಕಟ್ಟಳೆಯಾಗುತ್ತದೆ. ‘ನಾಳೆ ಒಂಬತ್ತಕ್ಕೆ ಎಲ್ಲರೂ ಬರಬೇಕು’ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಅದು ಬೇರೆಯೇ ‘ಬೇಕು’.

ಇಂಗ್ಲಿಷಿನ ‘ಮಸ್ಟ್’ ಈ ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ಆತ್ಮೀಯರು ಊಟಕ್ಕೆ ಕರೆಯುವಾಗ ‘ಯು ಮಸ್ಟ್ ಕಮ್’ ಎನ್ನುವುದುಂಟು. ಅಲ್ಲಿ ಒತ್ತಾಯವೇ ಉಪಚಾರ, ಲಾಭ ಕರೆಸಿಕೊಂಡವನದು. ತನ್ನ ಲಾಭಕ್ಕಾಗಿ ಬೇಡುವವನು ‘ಮಸ್ಟ್’ ಎನ್ನುವಂತಿಲ್ಲ; ‘ವುಡ್’, ‘ಕುಡ್’, ‘ಮೈಟ್’ ಮುಂತಾದ ಭೂತಕಾಲದ ಮುಖವಾಡ ತೊಟ್ಟ ರೂಪಗಳನ್ನು ಹಿಡಿಯಬೇಕು. ಕಾಲವನ್ನು ಹಿಂದಕ್ಕೆ ಸರಿಸಿದರೆ ಮಾತು ದೂರ ನಿಂತಂತಾಗುತ್ತದೆ. ದೂರ ನಿಂತುದೇ ಮರ್ಯಾದೆಯಾಗುತ್ತದೆ. ನಮಗೆ ಈ ಉಪಾಯ ಬೇಕಾಗಲಿಲ್ಲ. ನಮ್ಮಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ‘ತಾವು’ ಎಂದೊಡನೆ ತಲೆ ಬಾಗಿದಂತೆ. ಮುಂದೆ ‘ಬೇಕು’ ಎಂದರೂ ಒರಟಾಗದು. ಇಂಗ್ಲಿಷಿನವರಿಗೆ ಚಕ್ರವರ್ತಿಗೂ ಚಪರಾಸಿಗೂ ಒಂದೇ ‘ಯು’. ಸರ್ವನಾಮದಲ್ಲಿ ಕಳೆದುಹೋದ ಮರ್ಯಾದೆಯನ್ನು ಅವರು ಕ್ರಿಯಾಪದದಲ್ಲಿ ತುಂಬಿಕೊಳ್ಳುತ್ತಾರೆ. ನಮ್ಮ ಹುಡುಗ ಅನುವಾದಿಸುವಾಗ ‘ತಾವು’ ಎಂಬುದು ‘ಯು’ ಆಗಿ ಕುಗ್ಗುತ್ತದೆ, ‘ಬೇಕು’ ಎಂಬುದು ‘ಮಸ್ಟ್’ ಆಗಿ ಹಿಗ್ಗುತ್ತದೆ, ವಿನಯವಂತ ಉದ್ಧಟನಾಗುತ್ತಾನೆ. ಇಷ್ಟನ್ನು ತರಗತಿಯಲ್ಲಿ ಅರ್ಧ ಗಂಟೆ ಕನ್ನಡದಲ್ಲಿಯೇ ವಿವರಿಸಿದರೆ ಹುಡುಗರು ಮರೆಯುವುದಿಲ್ಲ. ‘ಮಸ್ಟ್ ಎಂದರೆ ಬೇಕು’ ಎಂದು ಹಲಗೆಯ ಮೇಲೆ ಬರೆದು ಮುಂದೆ ಹೋದರೆ ಆ ಅರ್ಜಿಯಂಥವು ಇನ್ನೂ ಹುಟ್ಟುತ್ತಲೇ ಇರುತ್ತವೆ.

ಹಲಗೆಯ ಮೇಲಿನ ಆ ಪಟ್ಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ‘ಕ್ಯಾನ್ ಎಂದರೆ ಬಲ್ಲ’. ಯಾವ ಮಗು ‘ನಾನು ಈಜಬಲ್ಲೆ’ ಎಂದು ಮನೆಯಲ್ಲಿ ಹೇಳುತ್ತದೆ? ‘ನನಗೆ ಈಜು ಬರುತ್ತೆ’ ಎನ್ನುತ್ತದೆ. ಧಾರವಾಡದ ಕಡೆಯಾದರೆ ‘ನನಗ ಈಸಲಿಕ್ಕ ಬರತದ’. ಮೂಟೆ ಎತ್ತಲು ಹೇಳಿದರೆ ‘ಈಜು ಬರುತ್ತೆ’ ಎನ್ನುವಂತೆ ‘ಎತ್ತಲು ಬರುತ್ತೆ’ ಎನ್ನುವುದಿಲ್ಲ, ‘ನನ್ನ ಕೈಲಾಗುತ್ತೆ’ ಎನ್ನುತ್ತದೆ. ಆಟಕ್ಕೆ ಹೋಗಲು ಅಮ್ಮನ ಅಪ್ಪಣೆ ಸಿಕ್ಕಿದರೆ ‘ಹೋಗಬಹುದು’. ಕಲಿತ ವಿದ್ಯೆ ಒಂದು, ಮೈಯ ಕಸುವು ಒಂದು, ದೊರೆತ ಅನುಮತಿ ಒಂದು. ಮೂರಕ್ಕೂ ಕನ್ನಡದಲ್ಲಿ ಮೂರು ಬಾಗಿಲು. ಇಂಗ್ಲಿಷಿನ ‘ಕ್ಯಾನ್’ ಈ ಮೂರು ಬಾಗಿಲುಗಳೂ ತೆರೆಯುವ ಒಂದೇ ಹಜಾರ. ಕಲಿಸುವವರು ಮಗುವಿನ ಬಾಯಲ್ಲಿರುವ ಈ ಮೂರು ಮಾತುಗಳಿಂದ ಹೊರಟರೆ ಕ್ಯಾನ್ ಸಲೀಸಾಗಿ ಬರುತ್ತದೆ. ಪುಸ್ತಕದ ‘ಬಲ್ಲ’ದಿಂದ ಹೊರಟರೆ, ತಿಳಿಯದ ಒಂದು ಮಾತನ್ನು ಅರ್ಧ ತಿಳಿದ ಇನ್ನೊಂದು ಮಾತಿನಿಂದ ಬಿಡಿಸಿದಂತೆ.

ಹಾಗೆಂದು ‘ಬಲ್ಲ’ವನ್ನು ತಿರಸ್ಕರಿಸಲು ನನಗೆ ಮನಸ್ಸಿಲ್ಲ, ಮೇಲಿನ ತರಗತಿಗಳಲ್ಲಿ ಅದು ಒಂದು ಹಬ್ಬವನ್ನೇ ಒದಗಿಸುತ್ತದೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಎಂಬ ಗಾದೆಯಲ್ಲಿ ‘ಬಲ್ಲ’ ಎಂದರೆ ತಿಳಿದವನು; ‘ಹಾಡಬಲ್ಲ’ ಎಂಬಲ್ಲಿ ಶಕ್ತನಾದವನು. ತಿಳಿವಿನಿಂದ ಶಕ್ತಿಗೆ ಬಂದ ಮಾತು ಇದು. ಇಂಗ್ಲಿಷಿನ ‘ಕ್ಯಾನ್’ ನಡೆದು ಬಂದುದೂ ಇದೇ ದಾರಿಯಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲವಾದ ‘ಕುನ್ನನ್’ ಎಂಬ ಧಾತುವಿಗೆ ‘ತಿಳಿ’ ಎಂದೇ ಅರ್ಥ. ಅದು ಇಂಗ್ಲಿಷಿನ ‘ನೋ’ ಎಂಬ ಕ್ರಿಯಾಪದಕ್ಕೂ ನಮ್ಮ ಸಂಸ್ಕೃತದ ‘ಜ್ಞಾ’ ಧಾತುವಿಗೂ ದಾಯಾದಿ. ‘ಐ ಕ್ಯಾನ್’ ಎನ್ನುವವನ ಬಾಯಲ್ಲಿ ‘ಜ್ಞಾನ’ದ ದೂರದ ನಂಟು ಅಡಗಿದೆ ಎಂದು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಕನ್ನಡದ ‘ಬಲ್’ ಎಂಬುದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಎರಡು ನುಡಿಗಳು ಬೇರೆ ಬೇರೆಯಾಗಿ ಹೊರಟು ಒಂದೇ ಮೆಟ್ಟಿಲನ್ನು ಹತ್ತಿವೆ. ನಮ್ಮ ‘ಬಹುದು’ ಇನ್ನೂ ವಿಚಿತ್ರ. ‘ಬರ್ಪುದು’ ಎಂಬ ಹಳಗನ್ನಡದ ರೂಪ ಸವೆದು ಆದ ಮಾತು ಅದು, ಎಂದರೆ ‘ಬರುತ್ತದೆ’. ಅದರ ನಿಷೇಧವೇ ‘ಬಾರದು’. ‘ಹೋಗಬಹುದೇ’ ಎಂದು ಕೇಳುವಾಗ ‘ಹೋಗಲು ಬರುತ್ತದೆಯೇ’ ಎಂದೇ ನಾವು ಕೇಳುತ್ತಿರುವುದು!

‘ವಿಲ್’ ಎಂಬುದರ ಕತೆ ಉತ್ತರ ಕರ್ನಾಟಕದವರಿಗೆ ಬೇಗ ತಿಳಿಯುತ್ತದೆ. ‘ವಿಲ್’ ಎಂದರೆ ಭವಿಷ್ಯತ್ಕಾಲ ಎಂದು ನಾವು ಕಲಿಸುತ್ತೇವೆ; ಅದರ ಮೊದಲ ಅರ್ಥ ಇಚ್ಛೆ. ಹಾಗಿಲ್ಲದಿದ್ದರೆ ಬಾಗಿಲು ಬಿಗಿದುಕೊಂಡಾಗ ಇಂಗ್ಲಿಷಿನವನು ‘ದಿ ಡೋರ್ ವೋಂಟ್ ಓಪನ್’ ಎಂದು ಏಕೆ ಹೇಳುತ್ತಾನೆ? ಅಲ್ಲಿ ನಾಳೆಯ ಮಾತಿಲ್ಲ. ಬಾಗಿಲು ಹಟ ಹಿಡಿದಿದೆ. ನಮ್ಮ ‘ಒಲ್ಲೆ’ಯೂ ಅದೇ: ‘ಒಲ್’ ಎಂದರೆ ಪ್ರೀತಿಸು, ಒಪ್ಪು, ‘ಒಲ್ಲೆ’ ಎಂದರೆ ಒಪ್ಪುವುದಿಲ್ಲ. ಮೈಸೂರು ಸೀಮೆಯಲ್ಲಿ ಅದು ಕಾವ್ಯದ ಮಾತಾಗಿ ಉಳಿದಿದೆ, ಧಾರವಾಡದಲ್ಲಿ ದಿನಬಳಕೆಯದು. ಮೋಡ ಕವಿದೂ ಹನಿ ಬೀಳದಿದ್ದರೆ ಅಲ್ಲಿಯ ರೈತ ‘ಮಳಿ ಬರವಲ್ದು’ ಎನ್ನುತ್ತಾನೆ, ಮಳೆ ಬರಲು ಒಲ್ಲದು. ಇಂಗ್ಲಿಷಿನ ‘ವೋಂಟ್’ ಕಲಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಯಾವ ಗೈಡಿನಲ್ಲಿದೆ?

‘ಷಲ್’ ಮತ್ತು ‘ವಿಲ್’ಗಳ ನಡುವಿನ ಬೇಲಿಗೆ ನಮ್ಮ ಹಿಂದಿನ ತಲೆಮಾರು ತೆತ್ತ ಸುಂಕ ಬಹಳ. ಉತ್ತಮ ಪುರುಷಕ್ಕೆ ‘ಷಲ್’, ಮಿಕ್ಕವಕ್ಕೆ ‘ವಿಲ್’. ದೃಢ ಸಂಕಲ್ಪವಾದರೆ ತಿರುಗು ಮುರುಗು. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಉರು ಹೊಡೆದವರಿಗೆ ಇದು ಇಂದಿಗೂ ನೆನಪಿದ್ದೀತು. ಈ ಕಟ್ಟಳೆಯ ಒಬ್ಬ ಮೂಲಪುರುಷ ಜಾನ್ ವಾಲಿಸ್, ಆಕ್ಸ್‌ಫರ್ಡಿನ ರೇಖಾಗಣಿತದ ಪ್ರಾಧ್ಯಾಪಕ. 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷಿಗೆ ವ್ಯಾಕರಣ ಬರೆದವನು. ನದಿಗೆ ಬಿದ್ದ ಪರದೇಶಿಯೊಬ್ಬ ‘ಷಲ್’ ಇರಬೇಕಾದಲ್ಲಿ ‘ವಿಲ್’, ‘ವಿಲ್’ ಇರಬೇಕಾದಲ್ಲಿ ‘ಷಲ್’ ಹಾಕಿ ಕೂಗಿಕೊಂಡನಂತೆ. ದಡದ ಮೇಲಿದ್ದವರು, ಇವನು ಸಾಯಲು ನಿಶ್ಚಯಿಸಿದ್ದಾನೆ, ಯಾರೂ ಉಳಿಸಕೂಡದೆಂದು ಆಜ್ಞಾಪಿಸುತ್ತಿದ್ದಾನೆ ಎಂದುಕೊಂಡು ಸುಮ್ಮನಿದ್ದರಂತೆ. ಹಾಸ್ಯದ ಕತೆ ಇದು. ಇಂದು ಇಂಗ್ಲಿಷಿನವರೇ ಬಹುಮಟ್ಟಿಗೆ ಎಲ್ಲೆಡೆಯೂ ‘ವಿಲ್’ ಎನ್ನುತ್ತಾರೆ. ಪ್ರಶ್ನೆಯಲ್ಲಿ ಮತ್ತು ಕಾನೂನಿನಲ್ಲಿ ಬಿಟ್ಟರೆ ‘ಷಲ್’ಗೆ ಹೆಚ್ಚು ಕೆಲಸ ಉಳಿದಿಲ್ಲ. ಆ ಬೇಲಿಯ ಬಳಿ ತರಗತಿಯ ಒಂದು ದಿನವನ್ನೂ ಕಳೆಯುವುದು ವ್ಯರ್ಥ.

ದಿನಗಳನ್ನು ಕಳೆಯಬೇಕಾದುದು ಊಹೆಯ ಬಳಿ. ‘ಬಹುದು’ ಎಂಬುದು ಅನುಮತಿಗೂ ಸಲ್ಲುತ್ತದೆ, ಊಹೆಗೂ ಸಲ್ಲುತ್ತದೆ, ‘ಮೇ’ಯೂ ಹಾಗೆಯೇ. ‘ನೀನು ಈಗ ಹೋಗಬಹುದು’, ‘ಇವತ್ತು ಮಳೆ ಬರಬಹುದು’. ಮಳೆಗೆ ಯಾರೂ ಅನುಮತಿ ಕೊಟ್ಟಿಲ್ಲ ಎಂಬುದು ಹುಡುಗರಿಗೆ ಕನ್ನಡದಲ್ಲಿ ಹೇಳದೆಯೇ ತಿಳಿದಿದೆ. ಇಂಗ್ಲಿಷಿನಲ್ಲಿ ಮಾತ್ರ ಔಷಧದ ಡಬ್ಬಿಯ ಮೇಲೆ ‘ಮೇ’ ಎಂದಿದ್ದರೆ, ನಿದ್ದೆ ಬಂದೀತು ಎಂಬ ಎಚ್ಚರಿಕೆಯನ್ನು ನಿದ್ದೆ ಮಾಡಬಹುದು ಎಂಬ ಸಲಹೆಯಾಗಿ ಓದಿಕೊಳ್ಳುವವರನ್ನು ಕಂಡಿದ್ದೇನೆ. ಇಲ್ಲಿ ನಮ್ಮ ನೆರವಿಗೆ ಬರುವುದು ಶಾಲೆಯ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥಗಳ ಜೊತೆ ಬರುವ ಸಂಭಾವನಾರ್ಥಕ ರೂಪ: ಬಂದಾನು, ಬಂದೀತು, ಬಿದ್ದೀಯೆ. ಅಂಗಳದ ಪಾಚಿಯ ಮೇಲೆ ಓಡುವ ಮೊಮ್ಮಗನಿಗೆ ಅಜ್ಜಿ ‘ಬಿದ್ದೀಯೆ, ಜೋಕೆ’ ಎನ್ನುತ್ತಾಳೆ. ಈ ರೂಪಕ್ಕೆ ಅನುಮತಿಯ ಅರ್ಥ ಎಂದೂ ಬಾರದು. ಅದು ಶುದ್ಧ ಊಹೆ. ಕನ್ನಡ ಪರೀಕ್ಷೆಗೆಂದು ಹುಡುಗರು ಬಾಯಿಪಾಠ ಮಾಡಿ ಮರೆಯುವ ಈ ರೂಪವೇ ಇಂಗ್ಲಿಷ್ ತರಗತಿಯ ಒರೆಗಲ್ಲಾಗಬಲ್ಲುದು. ‘ಮೇ’ ಬಂದಲ್ಲೆಲ್ಲ ‘ಆನು, ಈತು’ ಹಚ್ಚಿ ನೋಡಿ. ಹೊಂದಿದರೆ ಅದು ಊಹೆ, ಹೊಂದದಿದ್ದರೆ ಅನುಮತಿ. ‘ನಿದ್ದೆ ಬಂದೀತು’ ಹೊಂದುತ್ತದೆ. ‘ಒಳಗೆ ಬಂದೇನೇ ಸಾರ್’ ಎಂದು ಯಾವ ಹುಡುಗನೂ ಕೇಳುವುದಿಲ್ಲ. ಕಾಲ, ಕ್ರಿಯೆಯ ಸ್ಥಿತಿ, ಆಡುವವನ ಭಾವ ಈ ಮೂರರಲ್ಲಿ ಒಂದೊಂದು ಭಾಷೆ ಒಂದೊಂದಕ್ಕೆ ಪ್ರಾಧಾನ್ಯ ಕೊಡುತ್ತದೆ ಎಂಬುದನ್ನು ನಮ್ಮ ಡಿ. ಎನ್. ಶಂಕರ ಭಟ್ಟರು 1999ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಹಲವು ಭಾಷೆಗಳ ನಿದರ್ಶನಗಳಿಂದ ವಾದಿಸಿದ್ದಾರೆ. ಆ ಜಾಡಿನಲ್ಲಿ ಯೋಚಿಸುವ ಇಂಗ್ಲಿಷ್ ಪಠ್ಯ ನಮ್ಮ ಹುಡುಗರ ಕೈಗೆ ಇನ್ನೂ ಸಿಗಬೇಕಾಗಿದೆ.

ಭೂತಕಾಲಕ್ಕೆ ಬಂದರೆ ಕನ್ನಡದ ಸೂಕ್ಷ್ಮತೆ ಇನ್ನೂ ಎದ್ದು ಕಾಣುತ್ತದೆ. ಮೂರು ವಾಕ್ಯಗಳನ್ನು ತೆಗೆದುಕೊಳ್ಳೋಣ: ‘ಅವನು ಹೋಗಿರಬೇಕು’, ‘ಅವನು ಹೋಗಬೇಕಿತ್ತು’, ‘ಅವನು ಹೋಗಬೇಕಾಯಿತು’. ಮೊದಲನೆಯದು ಊಹೆ: ಚಪ್ಪಲಿ ಕಾಣುತ್ತಿಲ್ಲ, ಆದ್ದರಿಂದ ಹೋಗಿರಬೇಕು. ಎರಡನೆಯದು ಕೊರಗು: ಹೋಗುವುದು ಸರಿಯಾಗಿತ್ತು, ಹೋಗಲಿಲ್ಲ. ಮೂರನೆಯದು ನಡೆದ ಸಂಗತಿ: ಮನಸ್ಸಿಲ್ಲದಿದ್ದರೂ ಹೋದ. ಮೂರರಲ್ಲಿಯೂ ‘ಬೇಕು’ ಒಂದೇ. ಭೂತಕಾಲದ ಗುರುತು ಎಲ್ಲಿ ಕೂತಿದೆ ಎಂಬುದೇ ವ್ಯತ್ಯಾಸ. ‘ಹೋಗು’ವಿನ ಮೇಲೆ ಕೂತರೆ ಊಹೆ, ‘ಬೇಕು’ವಿನ ಮೇಲೆ ಕೂತರೆ ಕೊರಗು ಅಥವಾ ಕಟ್ಟುಪಾಡು. ಇಂಗ್ಲಿಷಿನಲ್ಲಿ ಹಾಗಲ್ಲ. ಭೂತಕಾಲದ ಗುರುತನ್ನು ಅದು ಮೋಡಲ್ ಪದದ ಮೇಲೆ ಹೊರಿಸದೆ, ಅದರ ಹಿಂದೆ ‘ಹ್ಯಾವ್’ ಎಂಬುದನ್ನು ನಿಲ್ಲಿಸುತ್ತದೆ. ಜಾಗ ಒಂದೇ ಆದ್ದರಿಂದ ಅರ್ಥಭೇದಕ್ಕೆ ಮೋಡಲ್ಲನ್ನೇ ಬದಲಿಸಬೇಕಾಗುತ್ತದೆ: ‘ಮಸ್ಟ್ ಹ್ಯಾವ್ ಗಾನ್’, ‘ಷುಡ್ ಹ್ಯಾವ್ ಗಾನ್’. ಮೂರನೆಯದಕ್ಕೆ ಎರಡೂ ಒಲ್ಲದೆ ‘ಹ್ಯಾಡ್ ಟು ಗೋ’ ಎಂಬ ಬೇರೆ ಗಾಡಿಯನ್ನೇ ಹೂಡುತ್ತದೆ. ‘ಮಸ್ಟ್’ಗೆ ಸ್ವಂತ ಭೂತಕಾಲ ಏಕಿಲ್ಲ ಎಂದರೆ, ಅದೇ ಒಂದು ಕಾಲದಲ್ಲಿ ಭೂತಕಾಲದ ರೂಪವಾಗಿತ್ತು! ಅದರ ವರ್ತಮಾನ ರೂಪ ಸತ್ತು, ಮಗ ತಂದೆಯ ಹೊಲ ಉಳುವಂತೆ, ಭೂತವೇ ವರ್ತಮಾನದ ಕೆಲಸಕ್ಕೆ ನಿಂತಿತು.

ಇದನ್ನು ತಿಳಿಯದ ನಮ್ಮ ಹುಡುಗ ಕೊರಗಿಗೂ ಊಹೆಗೂ ‘ಮಸ್ಟ್ ಹ್ಯಾವ್’ ಎಂದೇ ಬರೆಯುತ್ತಾನೆ. ‘ನಾನು ಮೊದಲೇ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು’ ಎಂಬ ಮಗನ ಸಂಕಟದ ಮಾತು, ‘ನಾನು ಮೊದಲೇ ಕರೆದೊಯ್ದಿರಬೇಕು’ ಎಂಬ ಮರೆಗುಳಿಯ ಮಾತಾಗಿಬಿಡುತ್ತದೆ. ‘ಹೇಳಿರಬಹುದು’, ‘ಹೇಳಬಹುದಿತ್ತು’ ಎಂಬ ಜೋಡಿಯನ್ನೂ ಓದುಗರೇ ಹೀಗೆ ಬಿಡಿಸಿ ನೋಡಲಿ.

ಎಲ್ಲಕ್ಕಿಂತ ಅಪಾಯದ ತಾಣ ನಿಷೇಧ. ಹುಡುಗ ಕೂಡುವ ಲೆಕ್ಕ ಮಾಡುತ್ತಾನೆ: ಮಸ್ಟ್ ಎಂದರೆ ಬೇಕು, ನಾಟ್ ಎಂದರೆ ಇಲ್ಲ, ಆದ್ದರಿಂದ ‘ಮಸ್ಟ್ ನಾಟ್’ ಎಂದರೆ ‘ಬೇಕಿಲ್ಲ’. ಲೆಕ್ಕ ಸರಿ, ಉತ್ತರ ತಪ್ಪು. ‘ಮಸ್ಟ್ ನಾಟ್’ ಎಂದರೆ ‘ಕೂಡದು’. ‘ಬೇಕಿಲ್ಲ’ ಎಂಬುದಕ್ಕೆ ‘ನೀಡ್ ನಾಟ್’. ರಕ್ತ ಪರೀಕ್ಷೆಗೆ ಮೊದಲು ಆಹಾರ ಕೂಡದು ಎಂದು ಚೀಟಿಯಲ್ಲಿ ಬರೆದುದನ್ನು, ಆಹಾರ ಬೇಕಾಗಿಲ್ಲ, ಬೇಕಾದರೆ ತಿನ್ನಬಹುದು ಎಂದು ತಾಯಿಗೆ ಓದಿ ಹೇಳುವ ಮಗ ನಮ್ಮ ತರಗತಿಯಲ್ಲಿ ಉತ್ತೀರ್ಣನಾದವನೇ. ಕನ್ನಡದಲ್ಲಿ ಬೇಡ, ಬೇಕಿಲ್ಲ, ಬಾರದು, ಕೂಡದು ಎಂಬ ನಾಲ್ಕು ಗೇಟುಗಳಿದ್ದು ಯಾರೂ ದಾರಿ ತಪ್ಪುವುದಿಲ್ಲ. ‘ಮೇ ನಾಟ್’ ಇನ್ನೂ ಜಾರು ನೆಲ. ‘ನೀನು ಒಳಗೆ ಬರಬಾರದು’ ಎಂಬುದಕ್ಕೂ ಅದೇ, ‘ಅವನು ಬರದೆ ಇರಬಹುದು’ ಎಂಬುದಕ್ಕೂ ಅದೇ. ನಾವು ನಿಷೇಧವನ್ನು ಒಮ್ಮೆ ‘ಬಹುದು’ವಿಗೆ, ಒಮ್ಮೆ ‘ಬರು’ವಿಗೆ ಅಂಟಿಸಿ ಬೇರ್ಪಡಿಸುತ್ತೇವೆ. ಇಂಗ್ಲಿಷಿನವನು ದನಿಯನ್ನೂ ಸಂದರ್ಭವನ್ನೂ ನೆಚ್ಚುತ್ತಾನೆ.

ಇದು ಹುಡುಗರ ತೊಡಕು ಮಾತ್ರ ಎಂದು ತಿಳಿಯಬಾರದು. ಈ ‘ಮೇ’ ನಮ್ಮ ಸಂಸತ್ತನ್ನೂ ಕಾಡಿದೆ. ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆಯೆಂದು ಸಾರಿದ ಸಂವಿಧಾನ ಇಂಗ್ಲಿಷಿಗೆ 1950ರಿಂದ 15 ವರ್ಷಗಳ ವಾಯಿದೆ ಕೊಟ್ಟಿತ್ತು. ವಾಯಿದೆ ಮುಗಿದ ಮೇಲೂ ಇಂಗ್ಲಿಷ್ ಮುಂದುವರಿಯಲು ಅವಕಾಶ ಕೊಡುವ ಆಡಳಿತ ಭಾಷೆಗಳ ಮಸೂದೆ 1963ರಲ್ಲಿ ಬಂದಾಗ, ಅದರಲ್ಲಿದ್ದ ಪದ ‘ಮೇ’: ಇಂಗ್ಲಿಷನ್ನು ಮುಂದುವರಿಸಬಹುದು. ಮುಂದುವರಿಸಬಹುದಾದರೆ ಮುಂದುವರಿಸದೆಯೂ ಇರಬಹುದಲ್ಲವೇ ಎಂಬುದು ಹಿಂದಿಯೇತರ ಪ್ರಾಂತಗಳ ಶಂಕೆ. ‘ಮೇ’ ತೆಗೆದು ‘ಷಲ್’ ಹಾಕಿರಿ ಎಂದು ದ್ರಾವಿಡ ಮುನ್ನೇತ್ರ ಕಳಗಂ ಒತ್ತಾಯಿಸಿತು. ಇಲ್ಲಿ ಎರಡಕ್ಕೂ ಅರ್ಥ ಒಂದೇ ಎಂದು ಪ್ರಧಾನಿ ನೆಹರೂ ಸಮಾಧಾನ ಹೇಳಿದರು. ಒಂದೇ ಆಗಿದ್ದರೆ ‘ಷಲ್’ ಎಂದೇ ಬರೆಯಲು ಅಡ್ಡಿ ಏನು ಎಂಬುದು ಆಗ ರಾಜ್ಯಸಭೆಯಲ್ಲಿದ್ದ ಸಿ. ಎನ್. ಅಣ್ಣಾದುರೈ ಅವರ ಮರುಪ್ರಶ್ನೆ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ನನ್ನ ಮತ ಅಣ್ಣಾದುರೈ ಅವರ ಕಡೆಗೇ. ಸಂದರ್ಭ ಬಲವಾಗಿದ್ದರೆ ‘ಮೇ’ಗೆ ಕಟ್ಟಳೆಯ ಬಲ ಬರುವುದುಂಟು, ಯಾವಾಗ ಬರುತ್ತದೆ, ಯಾವಾಗ ಬಾರದು ಎಂಬುದನ್ನು ಇಂಗ್ಲೆಂಡಿನ ಪ್ರಭುಸಭೆ 1880ರಲ್ಲಿಯೇ ಆಕ್ಸ್‌ಫರ್ಡಿನ ಬಿಷಪ್ಪರ ಮೊಕದ್ದಮೆಯೊಂದರಲ್ಲಿ ವಿಚಾರಿಸಿತ್ತು. ಆದರೆ ಆಡಿದವನ ಮನಸ್ಸನ್ನು ನೆಚ್ಚಿ ನಿಲ್ಲುವ ಪದ, ಆಡಿದವನು ಹೋದ ಮೇಲೆ ಯಾರ ಮನಸ್ಸನ್ನು ನೆಚ್ಚಬೇಕು? ನೆಹರೂ 1964ರ ಮೇ ತಿಂಗಳಲ್ಲಿ ತೀರಿಕೊಂಡರು. 1965ರ ಜನವರಿ 26 ಹತ್ತಿರವಾದಂತೆ ಮದರಾಸು ರಾಜ್ಯ ಹೊತ್ತಿಕೊಂಡಿತು, ಪ್ರಾಣಗಳು ಹೋದವು. 1967ರ ತಿದ್ದುಪಡಿಯಲ್ಲಿ, ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ರಾಜ್ಯಗಳೊಡನೆ ಕೇಂದ್ರದ ಪತ್ರವ್ಯವಹಾರಕ್ಕೆ ಇಂಗ್ಲಿಷನ್ನೇ ಬಳಸತಕ್ಕದ್ದು ಎಂದು ‘ಷಲ್’ ಸೇರಿತು. ಹಳೆಯ ‘ಮೇ’ ಮೊದಲ ಸಾಲಿನಲ್ಲಿ ಹಾಗೆಯೇ ಉಳಿದಿದೆ. ಕೆಳಗಿನ ಸಾಲುಗಳು ಅದನ್ನು ಕಾಯುತ್ತಿವೆ. ಕನ್ನಡದ ಕಾನೂನುಗಳು ‘ಬೇಕು’ವಿನ ಈ ಎಲ್ಲ ಮೃದುತ್ವವನ್ನು ಅರಿತೇ ಏನೋ, ಅದನ್ನು ಬಿಟ್ಟು ‘ತಕ್ಕದ್ದು’ ಎಂಬ ಮಾತನ್ನು ಆರಿಸಿಕೊಂಡಿವೆ. ಕಿವಿಗೆ ಒರಟು, ಆದರೆ ಅರ್ಥದಲ್ಲಿ ಅಲುಗಾಟವಿಲ್ಲ.

ಹಾಗಾದರೆ ಕಲಿಸುವ ಬಗೆ ಹೇಗೆ? ಪಟ್ಟಿಯಿಂದ ಅಲ್ಲ ಎಂಬುದಂತೂ ಸ್ಪಷ್ಟ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧಕರ ಲೋಕದಲ್ಲಿ ‘ಬೆಂಗಳೂರು ಯೋಜನೆ’ ಎಂದೇ ಹೆಸರಾಗಿದೆ. ವ್ಯಾಕರಣವನ್ನು ಪಾಠವಾಗಿ ಹೇಳದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು, ಅವರು ಯೋಚಿಸಿ ಬಿಡಿಸಬೇಕಾದ ಕೆಲಸಗಳನ್ನು ಕೊಡುವುದು ಅದರ ಕ್ರಮ. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ರೂಪ ತಾನಾಗಿ ನೆಲೆಗೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅದನ್ನು ಪುಸ್ತಕವಾಗಿಯೂ ಬರೆದರು. ಮೋಡಲ್ ಪದಗಳಿಗೆ ಈ ಕ್ರಮ ಹೇಳಿ ಮಾಡಿಸಿದಂತಿದೆ. ಹತ್ತು ಗಂಟೆಯ ರೈಲು ತಪ್ಪಿದರೆ ಏನು ಮಾಡಬೇಕು, ಯಾವುದನ್ನು ಹಿಡಿಯಬಹುದು, ಯಾವುದು ಸಿಕ್ಕಲಾರದು ಎಂದು ಕೇಳಿದೊಡನೆ ಮೂರು ಮೋಡಲ್ಲುಗಳು ಕೈ ಕಟ್ಟಿ ನಿಲ್ಲುತ್ತವೆ.

ಅದಕ್ಕೆ ನನ್ನದೊಂದು ಸೇರ್ಪಡೆ. ಮೇಲಿನ ತರಗತಿಗಳಲ್ಲಿ ಕನ್ನಡವನ್ನು ಧೈರ್ಯವಾಗಿ ಒಳಗೆ ಬಿಡಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಮಾತಾಡಿದವನಿಗೆ ದಂಡ ಹಾಕುವ ಶಾಲೆಗಳು ಇಂದಿಗೂ ಇವೆ. ಆ ದಂಡದಿಂದ ಕಟ್ಟಿದ ಗೋಡೆಯಾಚೆ ಉಳಿಯುವುದು ಬರಿಯ ಪದಗಳಲ್ಲ, ಹುಡುಗನ ವಿವೇಚನೆ. ‘ಹೀ ಕ್ಯಾನ್ಸ್’, ‘ಹೀ ಮಸ್ಟ್ ಗೋಸ್’ ಎಂದು ಬರೆಯುವವನಿಗೆ ‘ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು’ ಎಂದು ಹೇಳಿಸಿ ನೋಡಿ: ಲಿಂಗ ವಚನ ಪುರುಷಗಳ ಗಾಳಿ ಸೋಕದ ಕ್ರಿಯಾಪದವೊಂದು ತನ್ನ ಮನೆಯಲ್ಲಿಯೇ ಇದೆ ಎಂದು ಅವನಿಗೆ ಹೊಳೆಯುತ್ತದೆ. ಇಂಗ್ಲಿಷ್ ವಿಭಾಗದ ನನ್ನ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. ಆಮೇಲೆ ಪ್ರಯೋಗ ಮಾಡಿದರು. ಈಗ ತಮ್ಮ ಟಿಪ್ಪಣಿಯಲ್ಲಿ ‘ಬರವಲ್ದು’ ಎಂದು ಬರೆದುಕೊಂಡಿದ್ದಾರೆ.

ಉಳಿದಿರುವುದು ಪ್ರಶ್ನೆಪತ್ರಿಕೆಯ ಮಾತು. ‘ಇಂದು ಮಳೆ —— ಬರು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಕೊಟ್ಟು ಬಿಟ್ಟ ಸ್ಥಳ ತುಂಬಿರಿ ಎನ್ನುತ್ತಾರೆ. ಉತ್ತರಸೂಚಿಯಲ್ಲಿ ‘ಮೇ’ ಎಂದಿರುತ್ತದೆ. ‘ಮೈಟ್’ ಬರೆದವಳಿಗೆ ಅಂಕವಿಲ್ಲ, ‘ವಿಲ್’ ಬರೆದವನಿಗೂ ಇಲ್ಲ. ಎರಡೂ ಸರಿಯಾದ ಇಂಗ್ಲಿಷೇ. ಆಕಾಶ ಹೇಗಿತ್ತು, ಯಾರು ಯಾರಿಗೆ ಹೇಳಿದರು, ಹೇಳಿದವರು ರೈತರೋ ರೇಡಿಯೋದವರೋ ಎಂಬುದನ್ನು ಪ್ರಶ್ನೆ ತಿಳಿಸಿಲ್ಲ. ಪ್ರಶ್ನೆಯ ಮೇಲೆ ಎರಡು ಸಾಲು ಸೇರಿಸಿದರೆ ಸಾಕು: ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿದೆ, ಗಾಳಿ ನಿಂತಿದೆ, ಅಜ್ಜಿ ಅಂಗಳದಲ್ಲಿ ಒಣಹಾಕಿದ ಹಪ್ಪಳವನ್ನು ಒಳಗೆ ತರಲು ಮೊಮ್ಮಗಳನ್ನು ಕೂಗುತ್ತಿದ್ದಾಳೆ. ಆಮೇಲೆ ಬಿಟ್ಟ ಸ್ಥಳವನ್ನು ತುಂಬಲು ಹೇಳಲಿ, ಏಕೆ ಆ ಪದ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲೂ ಹೇಳಲಿ, ಅಂಕವನ್ನು ಆ ಸಾಲಿಗೆ ಕೊಡಲಿ.